ಸಂದು ಚುಕ್ಕಿ ರಂಗೋಲಿ ಮತ್ತು 346.41 ಪಿಕ್ಸೆಲ್‌ಗಳ ತಕರಾರು

ರಂಗೋಲಿಯ ಎಳೆಗಳು ಕೊನೆಗೂ ಕೂಡಿಕೊಂಡವು. ಹಳೆಯ 600 ಡಿಪಿಐ (ಇಂಚಿಗೆ 600 ಪಿಕ್ಸೆಲ್) ಲೇಸರ್ ಪ್ರಿಂಟರಿನೊಳಗೆ ಕೂತು, ಪುಟವನ್ನು ವರ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಲೆವೆಲ್ 2 ಭಾಷೆಯನ್ನು ಓದಿ ಚಿತ್ರಿಸುವ ಇಂಟರ್‌ಪ್ರಿಟರೇ ಒಂದು ಪ್ಯಾಟರ್ನ್ ಕೋಶವನ್ನು (ಮತ್ತೆ ಮತ್ತೆ ಹಾಸುವ ವಿನ್ಯಾಸದ ತುಣುಕು) ಹಿಡಿದು ಎ4 ಹಾಳೆಯ ತುಂಬ ರಂಗೋಲಿ ಹಾಸಬೇಕೆಂಬುದು ಈ ಯೋಜನೆ. ವಕ್ರರೇಖೆ ಎಳೆಯುವ ಕರ್ವ್‌ಟು ಆದೇಶ ಬಳಸಿ ಬಳ್ಳಿಗಳನ್ನು ಬರೆದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ ಆದ್ದರಿಂದ ಅದನ್ನು ಬಿಟ್ಟು ನೇರವಾಗಿ ಬಿರುಕಿನ ವಿಷಯಕ್ಕೆ ಬರುತ್ತೇನೆ.

ಅಕ್ಕಪಕ್ಕದ ಕೋಶಗಳ ನಡುವೆ ಎಳೆಗಳು ಒಂದಿಷ್ಟೂ ತಪ್ಪದೆ ಕೂಡುತ್ತಿದ್ದವು. ಮೇಲಿನ ಮತ್ತು ಕೆಳಗಿನ ಕೋಶಗಳ ನಡುವೆ ಮಾತ್ರ ಕೆಲವು ಸಾಲುಗಳಲ್ಲಿ ಕೂದಲೆಳೆಯಷ್ಟು ಬಿಳಿ ಬಿರುಕು ಕಾಣಿಸುತ್ತಿತ್ತು, ಉಳಿದ ಸಾಲುಗಳಲ್ಲಿ ಏನೂ ಇರುತ್ತಿರಲಿಲ್ಲ. ಕಾರಣ ಸರಳ ಗಣಿತದಲ್ಲಿದೆ. ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಒಂದು ಇಂಚಿಗೆ 72 ಯೂನಿಟ್‌ಗಳಿರುವುದರಿಂದ, ಚುಕ್ಕಿಗಳ ನಡುವೆ ನಾನಿಟ್ಟ 24 ಯೂನಿಟ್‌ಗಳ ಅಂತರ 600 ಡಿಪಿಐನಲ್ಲಿ ಸರಿಯಾಗಿ 200 ಪಿಕ್ಸೆಲ್ ಆಗುತ್ತದೆ. ಆದರೆ ಸಂದು ಚುಕ್ಕಿಯಲ್ಲಿ, ಅಂದರೆ ಒಂದು ಸಾಲಿನ ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವ ರಂಗೋಲಿಯಲ್ಲಿ, ಮೂರು ಚುಕ್ಕಿಗಳು ಸಮಬಾಹು ತ್ರಿಕೋನವಾಗಿ ಕೂರಬೇಕಾದ್ದರಿಂದ, ಎರಡು ಸಾಲುಗಳನ್ನು ಒಳಗೊಂಡ ಕೋಶದ ಎತ್ತರವು 24ನ್ನು 3ರ ವರ್ಗಮೂಲದಿಂದ ಗುಣಿಸಿದಷ್ಟು, ಎಂದರೆ 41.57 ಯೂನಿಟ್ ಅಥವಾ 346.41 ಪಿಕ್ಸೆಲ್ ಆಗುತ್ತದೆ. ಆ 0.41 ಪಿಕ್ಸೆಲ್ಲನ್ನು ಯಾವ ಯಂತ್ರವೂ ಅಚ್ಚು ಹಾಕಲಾರದು.

ಕೋಶಗಳನ್ನು ಹೇಗೆ ಹಾಸಬೇಕೆಂದು ಹೇಳುವ ಆಯ್ಕೆಯಾದ ಟೈಲಿಂಗ್‌ಟೈಪ್‌ನಲ್ಲಿ 2ನ್ನು ಆರಿಸಿದರೆ ಕೋಶದ ಆಕಾರ ಕೆಡುವುದಿಲ್ಲ, ಆದರೆ ಕೋಶಗಳ ನಡುವಿನ ಅಂತರ ಒಂದು ಪಿಕ್ಸೆಲ್ಲಿನಷ್ಟು ಹೆಚ್ಚು ಕಡಿಮೆಯಾಗಲು ಭಾಷೆಯೇ ಅವಕಾಶ ಕೊಡುತ್ತದೆ. ಬಿರುಕು ಬಂದದ್ದು ಅಲ್ಲಿಂದಲೇ. ಟೈಲಿಂಗ್‌ಟೈಪ್ 1 ಅಂತರವನ್ನು ಸ್ಥಿರವಾಗಿಟ್ಟು ಕೋಶವನ್ನೇ ತುಸು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಅದರಿಂದ ನನ್ನ ಯಂತ್ರದಲ್ಲಿ ಬಿರುಕೇನೋ ಮುಚ್ಚಿತು, ಆದರೆ ಪ್ರತಿ ಗಡಿಯಲ್ಲೂ ಬಳ್ಳಿ ಎಡವಿದಂತೆ ಒಂದು ಪಿಕ್ಸೆಲ್ಲಿನ ಮೆಟ್ಟಿಲು ಉಳಿಯಿತು.

ಬಿಬಾಕ್ಸನ್ನು (ಕೋಶದ ಚೌಕಟ್ಟು) ಸ್ಟೆಪ್ಪಿಗಿಂತ (ಕೋಶದಿಂದ ಕೋಶಕ್ಕಿರುವ ಅಂತರ) ದೊಡ್ಡದು ಮಾಡಿ ಕೋಶಗಳನ್ನು ಒಂದರ ಮೇಲೊಂದು ಹಾಯಿಸಬಾರದೇ ಎಂದು ಅನುಭವಿಗಳು ಕೇಳಬಹುದು. ಬರಿಯ ಕಪ್ಪು ಎಳೆಗಾದರೆ ಅದು ಒಳ್ಳೆಯ ಮದ್ದು. ನನ್ನ ವಿನ್ಯಾಸದಲ್ಲಾದರೋ ಒಂದು ಎಳೆ ಇನ್ನೊಂದರ ಮೇಲೆ ಹಾಯುವಂತೆ ಕಾಣಲು ಮೊದಲು ದಪ್ಪನೆಯ ಬಿಳಿ ಗೆರೆ, ಅದರ ಮೇಲೆ ಕಪ್ಪು ಗೆರೆ ಎಳೆಯಲಾಗುತ್ತದೆ. ಕೋಶಗಳು ಯಾವ ಅನುಕ್ರಮದಲ್ಲಿ ಮೂಡುತ್ತವೆ ಎಂಬುದಕ್ಕೆ ಭರವಸೆಯಿಲ್ಲವಾದ್ದರಿಂದ, ತಡವಾಗಿ ಬಂದ ಕೋಶದ ಬಿಳಿ ಗೆರೆ ನೆರೆಯ ಕಪ್ಪು ಗೆರೆಯನ್ನು ನುಂಗಿಹಾಕುತ್ತದೆ.

ಐದು ಕೋಶಗಳನ್ನು ಪೇರಿಸಿ ಒಂದೇ ದೊಡ್ಡ ಕೋಶ ಮಾಡಿದರೆ ಎತ್ತರ 1732.05 ಪಿಕ್ಸೆಲ್, ಅಂದರೆ ಹೆಚ್ಚುಕಡಿಮೆ ಪೂರ್ಣಾಂಕವೇ! ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಕೋಶದ ಗಾತ್ರ ಮ್ಯಾಕ್ಸ್‌ಪ್ಯಾಟರ್ನ್‌ಐಟಂ ಎಂಬ ಮೆಮೊರಿ ಮಿತಿಯನ್ನು ಮೀರಿದಾಗ ಅದು ಕ್ಯಾಶ್‌ನಲ್ಲಿ, ಅಂದರೆ ಮರುಬಳಕೆಗೆ ಎತ್ತಿಡುವ ಜಾಗದಲ್ಲಿ, ಉಳಿಯುವುದಿಲ್ಲ. ಪ್ರತಿ ಸಲವೂ ಕೋಶವನ್ನು ಬರೆಯುವ ಪೇಂಟ್‌ಪ್ರಾಕ್ ಕೋಡ್ ಮೊದಲಿನಿಂದ ಓಡಬೇಕಾಗಿ, ಪುಟ ಹೊರಬರುವಷ್ಟರಲ್ಲಿ ಅಂಗಳದಲ್ಲಿ ನಿಜವಾದ ರಂಗೋಲಿಯನ್ನೇ ಹಾಕಿ ಮುಗಿಸಬಹುದು. ಮಿತಿಯನ್ನು ಏರಿಸೋಣವೆಂದು ಮೆಮೊರಿ ಕಾರ್ಡ್ ತರಿಸಿದರೆ, ಬಂದ ಕಾರ್ಡಿನ ಕಚ್ಚು ಬೇರೆಯೇ ಕಡೆ ಇತ್ತು. ಮಾರಾಟಗಾರರ ಸಲಹೆ: "ಸ್ವಲ್ಪ ಒತ್ತಿ ಕೂರಿಸಿ ಸಾರ್, ಹೋಗುತ್ತೆ."

ಪರಿಹಾರ ಸಿಕ್ಕಿದ್ದು ಪ್ಯಾಟರ್ನನ್ನು ಸಿದ್ಧಪಡಿಸುವ ಮೇಕ್‌ಪ್ಯಾಟರ್ನ್ ಆಪರೇಟರಿನ ಸ್ವಭಾವದಲ್ಲಿ. ಅದು ಕರೆಯಲ್ಪಟ್ಟ ಕ್ಷಣದ ಸಿಟಿಎಂಗೆ (ಯೂನಿಟ್‌ಗಳನ್ನು ಪಿಕ್ಸೆಲ್‌ಗಳಾಗಿ ಬದಲಿಸುವ ಮ್ಯಾಟ್ರಿಕ್ಸ್) ಪ್ಯಾಟರ್ನನ್ನು ಕಟ್ಟಿಹಾಕುತ್ತದೆ, ಆಮೇಲೆ ನೀವು ಎಷ್ಟೇ ಸ್ಕೇಲ್ ಮಾಡಿದರೂ ಹಾಸು ಅಲುಗುವುದಿಲ್ಲ. ಆದ್ದರಿಂದ ಪುಟವನ್ನು ಯಂತ್ರಕ್ಕೆ ಹೊಂದಿಸುವ ಸೆಟ್‌ಪೇಜ್‌ಡಿವೈಸ್ ಮುಗಿದ ಮೇಲೆ, ಮೇಕ್‌ಪ್ಯಾಟರ್ನಿಗೆ ಮೊದಲು, ಕೋಶದ ಎತ್ತರವನ್ನು ಡಿಟ್ರಾನ್ಸ್‌ಫಾರ್ಮ್ ಮೂಲಕ ಪಿಕ್ಸೆಲ್‌ಗಳಿಗೆ ಇಳಿಸಿ, ಬಂದ ಅಡ್ಡ ಮತ್ತು ಉದ್ದದ ಎರಡೂ ಬೆಲೆಗಳನ್ನು ಪೂರ್ಣಾಂಕಕ್ಕೆ ರೌಂಡ್ ಮಾಡಿ, ಐಡಿಟ್ರಾನ್ಸ್‌ಫಾರ್ಮ್ ಮೂಲಕ ಮತ್ತೆ ಯೂನಿಟ್‌ಗಳಿಗೆ ತಂದೆ. 346.41 ಎಂಬುದು 346 ಆಗಿ, 41.57 ಯೂನಿಟ್ 41.52 ಆಯಿತು. ಇವೆರಡರ ಅನುಪಾತವನ್ನು ಪ್ಯಾಟರ್ನಿನ ಮ್ಯಾಟ್ರಿಕ್ಸ್‌ನಲ್ಲಿಟ್ಟು, ಮೂಲಬಿಂದುವನ್ನೂ ಇದೇ ರೀತಿ ಪಿಕ್ಸೆಲ್ ಗಡಿಗೆ ಕೂರಿಸಿದ ಮೇಲೆ ಬಿರುಕೂ ಇಲ್ಲ, ಮೆಟ್ಟಿಲೂ ಇಲ್ಲ. ಇಡೀ ಎ4 ಹಾಳೆಯ ಉದ್ದಕ್ಕೆ ರಂಗೋಲಿ ಕುಗ್ಗುವುದು ಸುಮಾರು 0.35 ಮಿಲಿಮೀಟರ್ ಮಾತ್ರ.

ಮುಂದಿನದು ಕಸೂತಿ. ಗವಂತಿಯಾಗಲಿ ಮುರ್ಗಿಯಾಗಲಿ ನೂಲೆಣಿಸಿಯೇ ಹಾಕುವ ಹೊಲಿಗೆಗಳಾದ್ದರಿಂದ ವರ್ಗಮೂಲದ ಕಾಟವಿಲ್ಲ. ಒಂದು ನೂಲಿಗೆ 0.48 ಯೂನಿಟ್ ಕೊಟ್ಟರೆ ನೇರವಾಗಿ 4 ಪಿಕ್ಸೆಲ್. ಕೋಶದೊಳಗೆ ಬಣ್ಣ ಹೇಳದ ಪೇಂಟ್‌ಟೈಪ್ 2 ಬಳಸಿದರೆ ಬಣ್ಣವನ್ನು ಆಮೇಲೆ ಸೆಟ್‌ಕಲರ್ ಹೊತ್ತಿಗೆ ಕೊಡಬಹುದು, ಕಸೂತಿಯ ಒಂದೇ ಗೋಪುರ ವಿನ್ಯಾಸವನ್ನು ಹತ್ತು ಬಣ್ಣಗಳಲ್ಲಿ ತೆಗೆಯಬಹುದು. ಬಣ್ಣದ ಪ್ರಿಂಟರ್ ಮಾತ್ರ ಇನ್ನೂ ಬರಬೇಕಷ್ಟೆ.

ಅದಕ್ಕೂ ಮುಂಚೆ ರಂಗೋಲಿಯನ್ನು ಹೊರಗೆ ದೊಡ್ಡದಾಗಿ ಅಚ್ಚು ಹಾಕಿಸಬೇಕಿದೆ, ಆ ಅಂಗಡಿಗೆ ಪಿಡಿಎಫ್ ಮಾತ್ರ ಬೇಕು. ಪೋಸ್ಟ್‌ಸ್ಕ್ರಿಪ್ಟನ್ನು ಪಿಡಿಎಫ್ ಆಗಿಸುವ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ಪಿಡಿಎಫ್‌ರೈಟ್ ತಾನಾಗಿ 720 ಡಿಪಿಐ ಎಂದುಕೊಳ್ಳುವುದರಿಂದ ನನ್ನ ಲೆಕ್ಕ ಅಲ್ಲಿ 416 ಪಿಕ್ಸೆಲ್, ಅಂದರೆ 41.6 ಯೂನಿಟ್ ಎಂದು ತೀರ್ಮಾನಿಸುತ್ತದೆ. 600 ಡಿಪಿಐಗೆ ಬಂದಾಗ ಅದೇ 346.67 ಆಗಿ ಬಿರುಕು ಮತ್ತೆ ಹಾಜರು. ರೆಸಲ್ಯೂಶನ್ ಆಯ್ಕೆಯಲ್ಲಿ ಅಂಗಡಿಯ ಯಂತ್ರದ ಡಿಪಿಐಯನ್ನೇ ಕೊಟ್ಟರೆ ಸರಿಹೋಗುತ್ತದೆ. ಅದೆಷ್ಟೆಂದು ಫೋನಿನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ, "ಎಚ್‌ಡಿ ಕ್ವಾಲಿಟಿ ಸಾರ್."