ಶುಂಠಿಗೆ ಅಗಲದ ಡಬ್ಬ ಹುಡುಕಿ

ಖಾಲಿ ಡಬ್ಬ ಕಂಡರೆ ಅದರ ಬಾಯಿ ಎಷ್ಟು ಅಗಲ ಅಂತ ನೋಡುವ ಚಟ ನನಗೆ. ಮನೆಯವರು ಗುಜರಿಗೆ ಹಾಕೋಣ ಅಂತ ಬಾಗಿಲ ಹತ್ತಿರ ಇಟ್ಟಿದ್ದು ಸಂಜೆಯೊಳಗೆ ಬಾಲ್ಕನಿ ಸೇರಿರುತ್ತದೆ. ಬೈಗುಳ ಇದ್ದದ್ದೇ. ಆದರೆ ಹಾಗೆ ಎತ್ತಿಟ್ಟ ಡಬ್ಬಗಳಲ್ಲಿ ಹೇಳಿ ಮಾಡಿಸಿದ ಹಾಗೆ ಬೆಳೆಯುವುದು ಶುಂಠಿ. ಅದಕ್ಕೇ ಈ ಬರಹ.

ಶುಂಠಿ ಅಂತ ನಾವು ಬಳಸುವುದು ಮಣ್ಣೊಳಗೆ ಅಡ್ಡಡ್ಡ ಹರಡುವ ಕಾಂಡ. ಅದು ಕ್ಯಾರೆಟ್‌ ಥರ ಕೆಳಗೆ ಇಳಿಯುವುದಿಲ್ಲ. ಪಕ್ಕಕ್ಕೆ ಒಂದೊಂದೇ ಬೆರಳು ಚಾಚುತ್ತಾ ಹೋಗುತ್ತದೆ. ಹಾಗಾಗಿ ಒಂದಡಿ ಆಳ ಇದ್ದರೆ ಸಾಕೋ ಸಾಕು, ಅಗಲ ಮಾತ್ರ ಎಷ್ಟಿದ್ದರೂ ಒಳ್ಳೆಯದೇ. ತಂಪು ಪಾನೀಯದ ಬಾಟಲಿ ಕತ್ತರಿಸಿ ಅದರಲ್ಲಿ ಶುಂಠಿ ಬೆಳೆದ ಚಂದದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಎಲೆ ಚೆನ್ನಾಗಿಯೇ ಬರುತ್ತದೆ. ಗಡ್ಡೆ ಬೆಳೆಯೋಕೆ ಜಾಗ ಎಲ್ಲಿದೆ?

ನನ್ನ ಮೊದಲ ಆಯ್ಕೆ ಅಕ್ಕಿ ಬರುವ ಪ್ಲಾಸ್ಟಿಕ್ ನೇಯ್ಗೆಯ ಚೀಲ. ಅಂಚನ್ನು ಹೊರಗೆ ಮಡಚಿ ಮಡಚಿ ಅರ್ಧಕ್ಕೆ ಇಳಿಸಿ, ಅಷ್ಟಕ್ಕೆ ಮಾತ್ರ ಮಣ್ಣು ತುಂಬಿ. ಶುಂಠಿ ಬೆಳೀತಾ ಗಡ್ಡೆ ಮೇಲೆದ್ದು ಕಾಣಿಸುತ್ತದೆ. ಆಗ ಒಂದು ಮಡಿಕೆ ಬಿಚ್ಚಿ, ಮೇಲಿಂದ ಮಣ್ಣು, ಗೊಬ್ಬರ ಏರಿಸಿ. ಹೀಗೆ ಎತ್ತರ ಹೆಚ್ಚಿಸಿಕೊಳ್ಳುವ ಸೌಕರ್ಯ ದುಬಾರಿ ಕುಂಡಕ್ಕೂ ಇಲ್ಲ. ನೀರು ನೇಯ್ಗೆಯ ಸಂದಿನಲ್ಲೇ ಬಸಿದು ಹೋಗುತ್ತದೆ. ಒಂದೇ ತೊಂದರೆ ಅಂದರೆ ಬಿಸಿಲು. ಸದಾ ಬಿಸಿಲಲ್ಲಿಟ್ಟರೆ ಚೀಲ ಎಳೆ ಎಳೆಯಾಗಿ ಪುಡಿಯಾಗಿ ಮಣ್ಣಿಗೇ ಸೇರುತ್ತದೆ. ಪುಣ್ಯಕ್ಕೆ ಶುಂಠಿಗೂ ಉರಿ ಬಿಸಿಲು ಆಗುವುದಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಮೂಲೆ ಇಬ್ಬರಿಗೂ ಸರಿ.

ಥರ್ಮೋಕೋಲ್ ಪೆಟ್ಟಿಗೆ ಸಿಕ್ಕರೂ ಬಿಡಬೇಡಿ. ಹಗುರ, ಒಳಗಿನ ಮಣ್ಣು ಬೇಗ ಕಾಯುವುದಿಲ್ಲ. ಇಪ್ಪತ್ತು ಲೀಟರ್‌ನ ನೀರಿನ ಕ್ಯಾನ್ ಸೋರುತ್ತಿದ್ದರೆ ಅದನ್ನು ಮಲಗಿಸಿ, ಮೇಲಿನ ಬದಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆಯಿರಿ. ನಿಂತಿದ್ದಾಗ ಇಲ್ಲದ ಅಗಲ ಮಲಗಿದಾಗ ಬರುತ್ತದೆ. ತಗಡಿನ ಡಬ್ಬ ನನಗಂತೂ ಇಷ್ಟವಿಲ್ಲ, ಬಿಸಿಲಿಗೆ ಬಾಣಲೆಯಂತೆ ಕಾಯುತ್ತದೆ. ಸಿಮೆಂಟ್ ಚೀಲ ಬೇಡ. ಎಷ್ಟೇ ಝಾಡಿಸಿದರೂ ಉಳಿಯುವ ಪುಡಿ ಕ್ಷಾರ, ಶುಂಠಿಗೆ ಸ್ವಲ್ಪ ಹುಳಿ ಮಣ್ಣು ಹಿತ. ಕೀಟನಾಶಕ, ಇಂಜಿನ್ ಆಯಿಲ್, ಪೇಂಟ್ ಇದ್ದ ಡಬ್ಬಗಳನ್ನು ತಿನ್ನುವ ಯಾವ ಬೆಳೆಗೂ ಬಳಸಬೇಡಿ. ಅನುಮಾನ ಇದ್ದರೆ ತಳ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಯಾವ ಬಗೆಯದು ಅಂತ ಹೇಳುವ ಅಂಕಿ ಅಲ್ಲಿ ತ್ರಿಕೋನದೊಳಗೆ ಇರುತ್ತದೆ. ಅದು 2 ಅಥವಾ 5 ಇದ್ದು, ಮೊದಲು ಅದರಲ್ಲಿ ತಿನ್ನುವ ವಸ್ತು ಇತ್ತು ಅಂತ ಗೊತ್ತಿದ್ದರೆ ನಾನು ಧೈರ್ಯವಾಗಿ ತೆಗೆದುಕೊಳ್ಳುತ್ತೇನೆ.

ಈಗ ತೂತಿನ ವಿಷಯ. ಶುಂಠಿಯ ದೊಡ್ಡ ಶತ್ರು ಕೊಳೆ ರೋಗ. ನೀರು ನಿಂತರೆ ಪಿಥಿಯಮ್ ಅನ್ನೋ ಸೂಕ್ಷ್ಮಾಣು ಗಡ್ಡೆಯನ್ನು ಮೆತ್ತಗೆ ಮಾಡಿ ಮುಗಿಸಿಬಿಡುತ್ತದೆ. ಮೇಲೆ ಎಲೆ ಹಳದಿಯಾಗುವ ಹೊತ್ತಿಗೆ ಕೆಳಗೆ ಕೆಲಸ ಕೆಟ್ಟಿರುತ್ತದೆ, ಕಾಂಡ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಬಕೆಟ್ಟಿಗೆ ತಳದಲ್ಲಿ ಮಾತ್ರ ತೂತು ಕೊರೆದು ನೆಲದ ಮೇಲೆ ಕೂರಿಸಿದರೆ ಆ ತೂತು ನೆಲಕ್ಕೆ ಅಂಟಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪಕ್ಕದ ಗೋಡೆಯಲ್ಲೂ, ತಳದಿಂದ ಒಂದು ಬೆರಳು ಮೇಲೆ, ಸುತ್ತಲೂ ತೂತು ಮಾಡಿ. ಕಾಯಿಸಿದ ಮೊಳೆ ಸಾಕು. ಹೊಗೆ ಕೆಟ್ಟದ್ದು, ಹೊರಗೆ ಕೂತು ಮಾಡಿ. ಕೆಳಗೆ ಎರಡು ಹೆಂಚಿನ ಚೂರು ಕೊಟ್ಟರೆ ಗಾಳಿಯೂ ಆಡುತ್ತದೆ.

ಮಣ್ಣಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಸಮ. ಹಿಡಿದು ಬಿಟ್ಟರೆ ಉಂಡೆ ಉದುರಬೇಕು, ಅಷ್ಟೇ.

ಬಿತ್ತನೆಗೆ ಅಡುಗೆಮನೆಯ ಶುಂಠಿಯೇ ಆಗುತ್ತದೆ. ಸುಕ್ಕು ಬಿದ್ದಿರಬಾರದು, ಕಣ್ಣು, ಅಂದರೆ ಮೊಳಕೆ ಹೊರಡುವ ಜಾಗ, ಉಬ್ಬಿರಬೇಕು. ಚಳಿ ಪೂರ್ತಿ ಹೋದ ಮೇಲೆ ಶುರು ಮಾಡಿ, ತಣ್ಣನೆ ಮಣ್ಣಲ್ಲಿ ಅದು ಸುಮ್ನೆ ಕೂತಿರುತ್ತದೆ. ಒಂದೊಂದು ತುಂಡಿಗೆ ಒಂದೆರಡು ಕಣ್ಣು ಉಳಿಯುವ ಹಾಗೆ, 20ರಿಂದ 25 ಗ್ರಾಂ ತೂಕಕ್ಕೆ ಮುರಿಯಿರಿ. ಮುರಿದ ಜಾಗ ಒಂದೆರಡು ದಿನ ನೆರಳಲ್ಲಿ ಒಣಗಿ ಪೊರೆ ಕಟ್ಟಲಿ, ಇಲ್ಲದಿದ್ದರೆ ಕೊಳೆ ಅಲ್ಲಿಂದಲೇ ಒಳಗೆ ಹೋಗುತ್ತದೆ. ಆಮೇಲೆ ಕಣ್ಣು ಮೇಲಾಗಿ, ಎರಡು ಇಂಚು ಆಳದಲ್ಲಿ ಹೂತು, ಮೇಲೆ ಒಣ ಎಲೆ ಹೊದಿಸಿ. ಮೊಳಕೆ ಬರುವವರೆಗೆ ನೀರು ಚಿಮುಕಿಸಿದರೆ ಸಾಕು. ಈ ಹಂತದಲ್ಲಿ ದಿನಾ ಕೆದಕಿ ನೋಡುವವರಿಗೆ ಶುಂಠಿ ಒಲಿಯುವುದಿಲ್ಲ. ವಾರಗಟ್ಟಲೆ ಏನೂ ಕಾಣದೆ, ಒಂದು ದಿನ ಹಸಿರು ಸೂಜಿಯಂಥ ಮೊನೆ ಎಲೆಯ ಹೊದಿಕೆಯನ್ನು ತೂರಿ ಬಂದಿರುತ್ತದೆ.

ಮಧ್ಯದಲ್ಲಿ ಒಂದು ಕಾಂಡ ಮಾತ್ರ ತುದಿಯಿಂದ ಒಣಗುತ್ತಿದ್ದರೆ ನೀರು ಹಾಕೋಕೆ ಓಡಬೇಡಿ. ಕಾಂಡವನ್ನು ಹತ್ತಿರದಿಂದ ನೋಡಿ. ಸಣ್ಣ ತೂತು, ಅದರ ಬಾಯಲ್ಲಿ ರವೆಯಂಥ ಪುಡಿ ಇದ್ದರೆ ಅದು ಕಾಂಡಕೊರಕ ಹುಳದ ಹಿಕ್ಕೆ. ಆ ಕಾಂಡವನ್ನು ಬುಡಕ್ಕೆ ಕತ್ತರಿಸಿ ಸೀಳಿದರೆ ಹುಳ ಒಳಗೇ ಸಿಗುತ್ತದೆ. ಬೇರೆ ಕಾಂಡ ಎದ್ದು ಬರುತ್ತದೆ, ಔಷಧಿ ಬೇಕಿಲ್ಲ.

ಆರು ತಿಂಗಳಿಗೆ ಎಳೆ ಶುಂಠಿ ತೆಗೆಯಬಹುದು. ಸಿಪ್ಪೆ ಎಷ್ಟು ತೆಳು ಅಂದರೆ ಉಗುರು ತಾಗಿದರೆ ಬಿಡುತ್ತದೆ, ನಾರೂ ಇರುವುದಿಲ್ಲ. ಇಡೀ ಗಿಡ ಕೀಳಬೇಕಾಗಿಲ್ಲ, ಅಂಚಿನಲ್ಲಿ ಮಣ್ಣು ಸರಿಸಿ ಬೇಕಾದಷ್ಟು ಮುರಿದುಕೊಂಡು ಮತ್ತೆ ಮುಚ್ಚಿದರಾಯಿತು. ಖಾರ ಬಲಿತ ಶುಂಠಿ ಬೇಕಾದರೆ ಎಂಟು, ಒಂಬತ್ತು ತಿಂಗಳು ಕಾಯಿರಿ. ಎಲೆ ತಾನಾಗಿ ಹಳದಿಯಾಗಿ ಒಣಗುತ್ತದೆ. ಇದು ರೋಗವಲ್ಲ, ಗಾಬರಿಯಾಗಿ ನೀರು ಸುರಿಯಬೇಡಿ. ನೀರು ನಿಲ್ಲಿಸಿ, ಆಮೇಲೆ ಚೀಲವನ್ನು ಮಗುಚಿ ಹಾಕಿ. ಗುದ್ದಲಿ ಏಟಿಲ್ಲದೆ ಇಡೀ ಗಡ್ಡೆ ಒಂದೇ ತುಂಡಾಗಿ ಬರುತ್ತದೆ.

ಉಳಿದ ಮಣ್ಣಿಗೆ ಮುಂದಿನ ಸಲ ಶುಂಠಿ ಹಾಕಬೇಡಿ, ಕೊಳೆ ರೋಗದ ಬೀಜ ಅದರಲ್ಲೇ ಉಳಿದಿರಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ. ಶುಂಠಿಯನ್ನು ಬಾಡಿಸುವ ಬ್ಯಾಕ್ಟೀರಿಯಾ ಅವನ್ನೂ ಬಾಡಿಸುತ್ತದೆ. ನಾನು ಆ ಮಣ್ಣಿಗೆ ಬೀನ್ಸ್ ಹಾಕುತ್ತೇನೆ. ಡಬ್ಬವನ್ನು ಮಾತ್ರ ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಹೊಸ ಮಣ್ಣು ತುಂಬಿ ಶುಂಠಿಗೇ ಕೊಡಬಹುದು.