ಒಂದೇ ಪ್ಯಾಕೆಟ್ ಯೀಸ್ಟ್, ಎಂಟು ತಿಂಗಳು

ಜನವರಿ 20

ಮನೆಯಲ್ಲಿ ಬಿಯರ್ ಮಾಡಲು ವೈಯೀಸ್ಟ್ 1056 ಅನ್ನುವ ದ್ರವ ಯೀಸ್ಟ್ ಒಂದು ಪ್ಯಾಕೆಟ್ ತಂದೆ. ನಾವಿರುವ ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಒಂದು ಗಂಟೆ ದಾರಿ, ಹುಡ್ ರಿವರ್ ಕಡೆ ತಯಾರಾಗುವ ಯೀಸ್ಟ್ ಇದು. ಒಂದು ಪ್ಯಾಕೆಟ್‌ನಲ್ಲಿ ಸುಮಾರು 10,000 ಕೋಟಿ ಜೀವಕೋಶ. ಈ ವರ್ಷದ ಬಿಯರ್ ಅಷ್ಟೂ ಇದರಿಂದಲೇ ಆಗಬೇಕು.

ಊರಲ್ಲಿ ಅಮ್ಮ ಮೊಸರು ಬಡಿಸುವ ಮುಂಚೆಯೇ ನಾಳೆಯ ಹೆಪ್ಪಿಗೆ ಒಂದು ಚಮಚ ತೆಗೆದಿಡುತ್ತಾಳೆ. ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಹೆಪ್ಪಿಗೆ ಮುಟ್ಟುವುದಿಲ್ಲ. ನಾನೂ ಹಾಗೇ ಮಾಡುತ್ತೇನೆ.

2 ಲೀಟರ್ ನೀರು, 200 ಗ್ರಾಂ ಮಾಲ್ಟ್ ಪುಡಿ (ಮೊಳಕೆ ಬಾರ್ಲಿಯ ಸಾರದ ಪುಡಿ). 15 ನಿಮಿಷ ಕುದಿಸಿ, 22 ಡಿಗ್ರಿಗೆ ಆರಿಸಿ ಯೀಸ್ಟ್ ಹಾಕಿದೆ. ಕುದಿಯುವಾಗ ಪಕ್ಕದಲ್ಲೇ ನಿಂತಿರಿ, ಹಾಲಿನ ಹಾಗೆ ಉಕ್ಕುತ್ತದೆ. ಸ್ಟರ್ ಪ್ಲೇಟ್ (ಅಯಸ್ಕಾಂತದಿಂದ ದ್ರವ ಕಲಕುವ ಯಂತ್ರ) ಮೇಲೆ ಒಂದು ದಿನ ತಿರುಗಿತು. ಮೊದಲು ಅರ್ಧ ಲೀಟರ್ ಜಾರ್‌ಗೆ ತೆಗೆದು ಫ್ರಿಜ್‌ನಲ್ಲಿಟ್ಟೆ. ಮಿಕ್ಕಿದ್ದು 19 ಲೀಟರ್ ಪೇಲ್ ಏಲ್ ಬಿಯರಿಗೆ ಹೋಯಿತು. ಜಾರ್ ಮುಚ್ಚಳ ಪೂರ್ತಿ ಬಿಗಿ ಮಾಡಿಲ್ಲ. ಒಳಗೆ ಗ್ಯಾಸ್ ಹುಟ್ಟುತ್ತಾ ಇದ್ದರೆ ಗಾಜು ಒಡೆಯಬಹುದು.

ಮಾರ್ಚ್ 24

ಜಾರ್ ತಳದಲ್ಲಿ ಕೆನೆ ಬಣ್ಣದ ಪದರ, ಮೇಲೆ ತಿಳಿ. ತಿಳಿ ಬಸಿದು ಹೊಸ ಸ್ಟಾರ್ಟರ್ (ಯೀಸ್ಟ್ ಹೆಚ್ಚಿಸುವ ಮಾಲ್ಟ್ ನೀರು) ಮಾಡಿದೆ. ಆರು ಗಂಟೆಯಲ್ಲಿ ನೊರೆ ಎದ್ದಿತು. ಮತ್ತೆ ಅರ್ಧ ಲೀಟರ್ ಮೊದಲೇ ಪಕ್ಕಕ್ಕೆ. ಯೀಸ್ಟ್ ಸಕ್ಕರೆ ತಿಂದಂತೆ ನೀರಿಗೆ ಹೋಲಿಸಿದ ಬಿಯರಿನ ಸಾಂದ್ರತೆ 1.050ರಿಂದ 1.011ಕ್ಕೆ ಇಳಿಯಿತು, ರುಚಿಯಲ್ಲಿ ಏನೂ ವ್ಯತ್ಯಾಸ ಇಲ್ಲ. ತುಂಬಾ ಖುಷಿಯಾಯಿತು.

ಏಪ್ರಿಲ್ 28

ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ತಳದ ಗಸಿಯನ್ನೂ ಒಮ್ಮೆ ನೋಡೋಣ ಅಂತ ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆದಿಟ್ಟಿದ್ದೆ. ಎರಡು ವಾರದ ಮೇಲೆ ಇವತ್ತು ತೆರೆದರೆ ಹುಳಿ ವಾಸನೆ. ಚೆಲ್ಲಿದೆ. ಆ ಗಸಿಯಲ್ಲಿ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಚೂರು, ಸತ್ತ ಕೋಶ ಎಲ್ಲಾ ಸೇರಿರುತ್ತದೆ, ತೊಳೆದಷ್ಟೂ ಹೊರಗಿನದು ಒಳಗೆ ಸೇರುವ ಅವಕಾಶ ಜಾಸ್ತಿ. ಇನ್ನು ಆ ದಾರಿ ಬೇಡ.

ಜುಲೈ 6

ಯೀಸ್ಟಿಗೆ ಗ್ಲಿಸರಿನ್ ಬೆರೆಸಿ ಫ್ರೀಜರ್‌ನಲ್ಲಿಡುವ ಯೋಚನೆ ಬಿಟ್ಟೆ. ನಮ್ಮದು ಮಂಜು ಕಟ್ಟದ ಫ್ರೀಜರ್. ಮಂಜು ಕರಗಿಸಲು ಅದು ಆಗಾಗ ತಾನೇ ಬೆಚ್ಚಗಾಗುತ್ತದೆ, ಆ ಏರಿಳಿತ ಯೀಸ್ಟಿಗೆ ಒಳ್ಳೆಯದಲ್ಲ.

ಆಗಸ್ಟ್ 17

ಇಷ್ಟು ದಿನ ಕಾದಿದ್ದ ಕೆಲಸ ಇದು. ಚಿಕ್ಕ ಗಾಜಿನ ಕೊಳವೆಗಳಲ್ಲಿ ಗಟ್ಟಿ ಮಾಡಿದ ವರ್ಟ್ (ಮಾಲ್ಟಿನ ಸಿಹಿ ನೀರು) ಮೇಲೆ ಯೀಸ್ಟ್ ಬೆಳೆಸಿ ಇಡುವುದು. ಗಟ್ಟಿ ಮಾಡಲು ಬೇಕಾದ ಅಗರ್ ಅಂದರೆ ನಮ್ಮ ಚೈನಾ ಗ್ರಾಸೇ! ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. 200 ಮಿಲಿ ತೆಳು ವರ್ಟಿಗೆ 4 ಗ್ರಾಂ ಹಾಕಿ ಕರಗುವ ತನಕ ಕುದಿಸಿ ಹತ್ತು ಕೊಳವೆಗೆ ಸ್ವಲ್ಪ ಸ್ವಲ್ಪ ತುಂಬಿದೆ. ಊರಿಂದ ತಂದ ಕುಕ್ಕರ್‌ನಲ್ಲಿ ಒಂದು ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ. ಬರೀ ಕುದಿಸಿದರೆ ಸಾಯದ ಬೀಜಕಣಗಳೂ ಕುಕ್ಕರ್‌ನ ಒತ್ತಡದಲ್ಲಿ ಏರುವ ಸುಮಾರು 120 ಡಿಗ್ರಿ ಶಾಖಕ್ಕೆ ಸಾಯುತ್ತವೆ. ಬಿಸಿ ಇರುವಾಗಲೇ ಕೊಳವೆಗಳನ್ನು ಲಟ್ಟಣಿಗೆಗೆ ಒರಗಿಸಿ ಮಲಗಿಸಿದೆ. ಓರೆಯಾಗಿ ಗಟ್ಟಿಯಾದರೆ ಯೀಸ್ಟ್ ಹರಡಲು ಜಾಗ ಜಾಸ್ತಿ.

ತಂತಿಯ ತುದಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಜಾರ್‌ನಿಂದ ಒಂದಿಷ್ಟು ಯೀಸ್ಟ್ ಮುಟ್ಟಿಸಿಕೊಂಡು ಕೊಳವೆಯ ಗಟ್ಟಿ ವರ್ಟ್ ಮೇಲೆ ಎಳೆದೆ. ಅಡುಗೆಮನೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಮಾಡಿದೆ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಆ ಕೆಲಸದ ಒಂದು ಚಿಕ್ಕ ತುಣುಕು ನಮ್ಮ ಒಲೆ ಪಕ್ಕದಲ್ಲಿ ನಡೆಯುತ್ತಿದೆ ಅನ್ನಿಸಿ ಮೈ ಜುಮ್ಮೆಂದಿತು.

ಆಗಸ್ಟ್ 22

ಎಂಟು ಕೊಳವೆಯಲ್ಲಿ ಬೆಣ್ಣೆ ಸವರಿದ ಹಾಗೆ ನುಣುಪಾದ ಬೆಳವಣಿಗೆ. ಎರಡರಲ್ಲಿ ಹಸಿರು ಬೂಷ್ಟು, ಅವನ್ನು ತೆರೆಯದೆ ಎಸೆದೆ. ಎಂಟಕ್ಕೂ ತಾರೀಕು ಬರೆದು ಫ್ರಿಜ್‌ಗೆ.

ಸೆಪ್ಟೆಂಬರ್ 21

ಒಂದು ಕೊಳವೆಯನ್ನು ಎಬ್ಬಿಸುತ್ತಿದ್ದೇನೆ. ಬುಧವಾರ 10 ಮಿಲಿ ವರ್ಟ್, ಗುರುವಾರ ಸಂಜೆ 100, ಇವತ್ತು ಬೆಳಿಗ್ಗೆ 1 ಲೀಟರ್. ಒಂದೇ ಸಲ ಲೀಟರ್‌ಗೆ ಹಾಕಿದರೆ ಯೀಸ್ಟ್ ಮೇಲುಗೈ ಆಗುವ ಮುಂಚೆ ಬೇರೇನಾದರೂ ಬೆಳೆಯಬಹುದು. ಈಗ ಪ್ಲೇಟ್ ಮೇಲೆ ತಿರುಗುತ್ತಿದೆ, ಬ್ರೆಡ್ಡಿನಂಥ ಘಮ. ನಾಳೆ ಅರ್ಧ ಲೀಟರ್ ಜಾರ್‌ಗೆ, ಉಳಿದದ್ದು ಮೈಲ್ಡ್ ಏಲ್‌ಗೆ.