ಎಂಟು ಸ್ಯಾಕ್ಸೋಫೋನಿಗೆ ಒಂದು ಸೆರೆನೇಡ್

ನವೆಂಬರ್ 17, 2024, ಭಾನುವಾರ

ಎಂಟು ಸ್ಯಾಕ್ಸೋಫೋನಿಗೆ ಹೊಂದಿಸಿ ಬರೆಯುತ್ತಿರುವ ಕೃತಿಯಲ್ಲಿ ಮಿನುಯೆಟ್ ಎಂಬ ಕುಣಿತದ ಲಯದ ಭಾಗ ಇವತ್ತು ಮುಗಿಯಿತು. ಮೊಜಾರ್ಟ್‌ನ ಸಿ ಮೈನರ್ ಸೆರೆನೇಡ್, ಅವನ ಕೃತಿಗಳ ಪಟ್ಟಿಯಲ್ಲಿ ಕೆ. 388. ವಿಯೆನ್ನಾದಲ್ಲಿ 1782ರ ಸುಮಾರಿಗೆ ಬರೆದದ್ದು. ಎರಡು ಓಬೋ, ಎರಡು ಕ್ಲಾರಿನೆಟ್, ಎರಡು ಹಾರ್ನ್, ಎರಡು ಬಸೂನ್, ಎಲ್ಲವೂ ಊದುವ ವಾದ್ಯಗಳು. ಆಗ ಶ್ರೀಮಂತರ ಊಟದ ಹೊತ್ತಿಗೆ ಇಂಥ ಮೇಳಗಳು ನುಡಿಸುತ್ತಿದ್ದವು. ಇದನ್ನು ಕೇಳುತ್ತಾ ಯಾರಿಗಾದರೂ ತುತ್ತು ಇಳಿಯುತ್ತದಾ? ಮೊದಲ ಸ್ವರದಿಂದಲೇ ಅಷ್ಟು ಗಂಭೀರ.

ನಮ್ಮಲ್ಲೂ ಎಂಟು ಜನ: ಮೇಲಿನ ದನಿಯಿಂದ ಕೆಳಗಿನ ದನಿಯವರೆಗೆ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಸ್ಯಾಕ್ಸೋಫೋನ್, ಎರಡೆರಡು. ಓಬೋ ಸೊಪ್ರಾನೊಗೆ, ಕ್ಲಾರಿನೆಟ್ ಆಲ್ಟೊಗೆ, ಹಾರ್ನ್ ಟೆನರ್‌ಗೆ, ಬಸೂನ್ ಬ್ಯಾರಿಟೋನ್‌ಗೆ. ಸ್ಯಾಕ್ಸೋಫೋನ್‌ನಲ್ಲಿ ಬರೆದ ಸ್ವರ ಒಂದು, ಕೇಳುವುದು ಇನ್ನೊಂದು; ಅದಕ್ಕೆ ತಕ್ಕಂತೆ ಶ್ರುತಿ ಬದಲಿಸುವುದು ಕಷ್ಟವೇನಲ್ಲ. ಬ್ಯಾರಿಟೋನ್‌ನ ತೀರಾ ಕೆಳಗಿನ ಎ ಕೀಲಿ ಒತ್ತಿದರೆ ಕೇಳುವುದು ಸಿ. ಬಸೂನ್ ಅದಕ್ಕೂ ಕೆಳಗೆ ಬಿ ಫ್ಲ್ಯಾಟ್‌ವರೆಗೆ ಹೋಗುತ್ತದೆ. ಅಂಥ ಸ್ವರ ಬಂದರೆ ಮೇಲಿನ ಸ್ಥಾಯಿಗೆ ಎತ್ತಿದರಾಯಿತು.

ಕಷ್ಟ ಇರುವುದು ಹಾರ್ನ್‌ನಲ್ಲಿ. ಆ ಕಾಲದ ಹಾರ್ನ್‌ಗೆ ಸ್ವರ ಬದಲಿಸುವ ವಾಲ್ವ್ ಇರಲಿಲ್ಲ, ಸಲೀಸಾಗಿ ಬರುವ ಸ್ವರಗಳು ಕೆಲವೇ. ಹಾಗಾಗಿ ಅದಕ್ಕೆ ಉದ್ದುದ್ದ ಹಿಡಿದ ಸ್ವರಗಳು ಜಾಸ್ತಿ. ಹಾರ್ನ್‌ನಲ್ಲಿ ಅವು ಹಿಂದೆ ಮಂಜಿನ ಹಾಗೆ ನಿಲ್ಲುತ್ತವೆ. ಟೆನರ್‌ನಲ್ಲಿ ಅದೇ ಸ್ವರ ಮುಂದೆ ಬಂದು ಹಾಡನ್ನು ಮುಚ್ಚುತ್ತದೆ. ಎಲ್ಲರದ್ದೂ ಒಂದೇ ಜಾತಿಯ ದನಿ ಅಲ್ವಾ? ಬಹಳ ಕಡೆ ಒಬ್ಬ ಟೆನರನ್ನು ಸುಮ್ಮನಿರಿಸಿದ್ದೇನೆ.

ಇದಕ್ಕೆ ಗುರು ಮೊಜಾರ್ಟೇ. ಇದೇ ಕೃತಿಯನ್ನು ಅವನು ಮುಂದೆ ಐದು ತಂತಿವಾದ್ಯಗಳಿಗೆ ಇಳಿಸಿದ, ಕೆ. 406. ಅವೂ ಒಂದೇ ಕುಟುಂಬದವು. ಯಾವ ಸ್ವರ ಬಿಟ್ಟರೂ ನಡೆಯುತ್ತದೆ ಎಂದು ಅಲ್ಲಿ ನೋಡಿ ಕಲಿಯಬಹುದು. ಎರಡೂ ಸ್ಕೋರ್ ಪಕ್ಕಪಕ್ಕ ಇಟ್ಟುಕೊಂಡೇ ಕೂರುತ್ತೇನೆ.

ಮಿನುಯೆಟ್‌ನ ನಡುವೆ ಬರುವ, ಟ್ರಿಯೋ ಎಂದು ಕರೆಯುವ ತುಣುಕು ನನಗೆ ಪ್ರಾಣ. ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರು ತಲೆಕೆಳಗು ಮಾಡಿ ಹಿಂಬಾಲಿಸುತ್ತಾರೆ. ಮೊದಲನೆಯವರು ಏರಿದಲ್ಲಿ ಇವರು ಇಳಿಯುತ್ತಾರೆ. ಓಬೋ, ಬಸೂನ್ ಬಿಟ್ಟು ಉಳಿದ ನಾಲ್ವರೂ ಸುಮ್ಮನೆ. ನಾನೂ ಅಲ್ಲಿ ಒಂದು ಸ್ವರವನ್ನೂ ಸೇರಿಸಲಿಲ್ಲ.

ನಮ್ಮೂರ ಕಡೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಅವರನ್ನು ಕೇಳಿ ಬೆಳೆದವರಿಗೆ ಈ ವಾದ್ಯ ಮುಂದೆ ಕೂತು ಹಾಡುವಂಥದ್ದು. ಎಂಟು ಜನ ಒಬ್ಬರಿಗೊಬ್ಬರು ದಾರಿ ಬಿಡುವುದು ಬೇರೆಯದೇ ವಿದ್ಯೆ. ನನಗೆ ಎರಡೂ ಬೇಕು.

ನಾಳೆಯಿಂದ ಕೊನೆಯ ಭಾಗ. ಅದರ ನಡುವೆ ಇ ಫ್ಲ್ಯಾಟ್ ಮೇಜರ್‌ನಲ್ಲಿ ಹಾರ್ನ್‌ಗಳು ಮುಂದೆ ಬರುತ್ತವೆ. ಅಷ್ಟನ್ನು ಮಾತ್ರ ಟೆನರ್ ಬದಲು ಆಲ್ಟೊಗಳಿಗೆ ಕೊಡುತ್ತೇನೆ. ಹಾರ್ನ್ ಪಾರ್ಟು ಇ ಫ್ಲ್ಯಾಟ್‌ನದು, ಆಲ್ಟೊ ಕೂಡ ಇ ಫ್ಲ್ಯಾಟ್ ವಾದ್ಯ, ಅಂದರೆ ಎರಡರಲ್ಲೂ ಸಿ ಎಂದು ಬರೆದರೆ ಕೇಳುವುದು ಇ ಫ್ಲ್ಯಾಟ್. ಮೊಜಾರ್ಟ್ ಬರೆದದ್ದನ್ನು ಅವರು ಹಾಗೇ ನೋಡಿ ನುಡಿಸಬಹುದು.